ಟೊಮೇಟೊ ಸಾಸ್‌ನಲ್ಲಿ ಬಿಳಿ ಬೀನ್ಸ್: ಮೂರು ಗಂಟೆಯಾದರೂ ಕಾಳು ಏಕೆ ಬೇಯುತ್ತಿಲ್ಲ?

ಒಲೆಮುಂದೆ
ಟೋಸ್ಟಿನ ಮೇಲೆ ಸುರಿದುಕೊಂಡು ತಿನ್ನುವ ಇಂಗ್ಲಿಷರ ಬೇಕ್ಡ್ ಬೀನ್ಸ್ ಬಲ್ಲವರು ದಯವಿಟ್ಟು ಇತ್ತ ಬನ್ನಿ. ಮಗಳು ಬರ್ಮಿಂಗ್‌ಹ್ಯಾಮ್‌ನಲ್ಲಿ ಓದು ಮುಗಿಸಿ ಬಂದಿದ್ದಾಳೆ. ಭಾನುವಾರ ಬೆಳಗ್ಗೆ ಇಡ್ಲಿಯನ್ನು ಬದಿಗೆ ಸರಿಸಿ ಇದನ್ನು ಕೇಳುತ್ತಾಳೆ. ಆಮದು ಡಬ್ಬಿಯೊಂದರ ಬೆಲೆಗೆ ನಮ್ಮ ಬೀದಿಯ ಅಂಗಡಿಯಲ್ಲಿ ಕಿಲೋಗಟ್ಟಲೆ ಕಾಳು ಬರುತ್ತದೆ. ಹಾಗಾಗಿ ಮನೆಯಲ್ಲೇ ಮಾಡೋಣ ಎಂದು ಹೊರಟೆ.

ಓವನ್ ಇಲ್ಲ, ಗ್ಯಾಸ್ ಒಲೆ ಮಾತ್ರ. ಅಂತರ್ಜಾಲದಲ್ಲಿ ಸಿಕ್ಕ ವಿಧಾನ ಹೇಳುವುದು ಇಷ್ಟು: ರಾತ್ರಿ ನೆನೆಸಿದ ಬಿಳಿ ರಾಜ್ಮಾವನ್ನು ಟೊಮೇಟೊ ರಸ, ಸಕ್ಕರೆ, ವಿನೆಗರ್ ಜೊತೆ ಪಾತ್ರೆಗೆ ಹಾಕಿ, ಸಣ್ಣ ಉರಿಯಲ್ಲಿ ಒಂದು ಗಂಟೆ ಬಿಡಿ. ಒಂದು ಗಂಟೆ ಹೋಗಿ ಮೂರು ಗಂಟೆಯಾಯಿತು. ಸಾಸ್ ತಳ ಹಿಡಿಯಲು ಶುರುವಾಗಿದೆ. ಕಾಳನ್ನು ಬೆರಳಲ್ಲಿ ಒತ್ತಿದರೆ ಎರಡು ಹೋಳಾಗುತ್ತದೆ, ನಡುವೆ ಸುಣ್ಣದಂಥ ಬಿಳಿ ಗೆರೆ ಹಾಗೆಯೇ ಇದೆ. ತಪ್ಪು ಕಾಳಿನದೋ, ಒಲೆಯದೋ, ವಿಧಾನ ಬರೆದವರದೋ? ಕುಕ್ಕರ್‌ಗೆ ಹಾಕಿ ಎಂದು ಮಾತ್ರ ಹೇಳಬೇಡಿ. ಸಿಪ್ಪೆ ಒಂದು ಕಡೆ, ತಿರುಳು ಒಂದು ಕಡೆ ಆಗುವುದು ನನಗೆ ಬೇಡ.

ಹಳೆಯ ಸೌಟು
ಕಾಳು ಬೇಯುವ ಮೊದಲೇ ಹುಳಿ ಹಿಂಡಿದ್ದೀರಿ. ಅಷ್ಟೇ.

ಬೆಲ್ಲದಚ್ಚು
ಸೌಟಿನವರು ಒಂದೇ ಸಾಲಿನಲ್ಲಿ ತೀರ್ಪು ಕೊಟ್ಟರು, ನಾನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸಾರು ಮಾಡುವಾಗ ತೊಗರಿಬೇಳೆಗೆ ಹುಣಸೆಹಣ್ಣಿನ ರಸವನ್ನು ಯಾವಾಗ ಹಾಕುತ್ತೀರಿ? ಬೇಳೆ ಬೆಂದು ಕರಗಿದ ಮೇಲೆ. ಮೊದಲೇ ಹಾಕಿದರೆ ಬೇಳೆ ಮುಷ್ಕರ ಹೂಡುತ್ತದೆ ಎಂಬುದು ಅಡುಗೆ ಕಲಿಯುವ ಮೊದಲ ವಾರದಲ್ಲೇ ಎಲ್ಲರಿಗೂ ಗೊತ್ತಾಗುತ್ತದೆ. ಇಂಗ್ಲಿಷ್ ತಿಂಡಿ ಎಂದ ಕೂಡಲೇ ನಮಗೆ ಗೊತ್ತಿರುವುದನ್ನೆಲ್ಲ ಗಂಟು ಕಟ್ಟಿ ಅಟ್ಟಕ್ಕೆ ಹಾಕುವುದು ಏಕೆ? ಟೊಮೇಟೊವೂ ಹುಳಿಯೇ, ವಿನೆಗರ್ ಹುಳಿಯ ಅಪ್ಪ.

ಮೊದಲು ಕಾಳನ್ನು ಬರೀ ನೀರಿನಲ್ಲಿ ಪೂರ್ತಿ ಬೇಯಿಸಿ. ಸಾಸ್ ಬೇರೆ ಪಾತ್ರೆಯಲ್ಲಿ ಆಗಲಿ. ಕೊನೆಯ ಅರ್ಧ ಗಂಟೆ ಎರಡನ್ನೂ ಕೂಡಿಸಿ.

ರಸಾಯನ ಮೇಷ್ಟ್ರು
ಕಾರಣ ಕೇಳುವವರಿಗಾಗಿ. ಕಾಳಿನ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವುದು ಪೆಕ್ಟಿನ್. ಜಾಮ್ ಗಟ್ಟಿಯಾಗುವುದೂ ಅದರಿಂದಲೇ. ಬಿಸಿ ನೀರಿನಲ್ಲಿ ಅದು ನಿಧಾನವಾಗಿ ಕರಗಿ ಕೋಶಗಳು ಬಿಡಿಬಿಡಿಯಾದಾಗ ನಾವು ಕಾಳು ಬೆಂದಿತು ಎನ್ನುತ್ತೇವೆ. ಆಮ್ಲ ಇದ್ದರೆ ಪೆಕ್ಟಿನ್ ಕರಗಲು ಒಪ್ಪುವುದಿಲ್ಲ. ಕ್ಯಾಲ್ಸಿಯಂ ಇದ್ದರೆ ಪೆಕ್ಟಿನ್ನಿನ ಎಳೆಗಳ ನಡುವೆ ಸೇತುವೆ ಕಟ್ಟಿ ಇನ್ನಷ್ಟು ಬಿಗಿ ಮಾಡುತ್ತದೆ. ಸಕ್ಕರೆಯೂ ಮೆತ್ತಗಾಗುವುದನ್ನು ತಡಮಾಡುತ್ತದೆ. ನಿಮ್ಮ ಪಾತ್ರೆಯಲ್ಲಿ ಆಮ್ಲ, ಸಕ್ಕರೆ ಎರಡೂ ಇದ್ದವು. ಬೋರ್‌ವೆಲ್ ನೀರು ಹಾಕಿದ್ದರೆ ಮೂರನೆಯದೂ ಇತ್ತು. ಆರು ಗಂಟೆ ಬಿಟ್ಟರೂ ಅಷ್ಟೇ.

ಒಲೆಮುಂದೆ
ಬೋರ್‌ವೆಲ್ ನೀರೇ! ಆದರೆ ಒಂದು ಅನುಮಾನ. ಅಮೆರಿಕದ ಬಾಸ್ಟನ್‌ನವರು ಬೀನ್ಸನ್ನು ಸಾಸ್‌ನಲ್ಲೇ ಇಡೀ ದಿನ ಬೇಯಿಸುತ್ತಾರೆ ಎಂದು ಓದಿದ್ದೇನೆ. ಅವರ ಕಾಳು ಹೇಗೆ ಬೇಯುತ್ತದೆ?

ಚಾರ್ಲ್ಸ್ ನದಿಯ ದಡ
ಆ ಊರಿನಲ್ಲೇ ಇದ್ದೇನೆ, ಹೇಳುತ್ತೇನೆ. ಇಲ್ಲಿನ ಹಳೆಯ ಪದ್ಧತಿಯಲ್ಲಿ ಟೊಮೇಟೊ ಇರುವುದಿಲ್ಲ. ಕಬ್ಬಿನ ಕಾಕಂಬಿ ಮತ್ತು ಉಪ್ಪು ಹಾಕಿದ ಹಂದಿಮಾಂಸ ಇರುತ್ತವೆ. ಕಾಳನ್ನು ಮೊದಲು ನೀರಿನಲ್ಲಿ ಸಿಪ್ಪೆ ಬಿರಿಯುವ ತನಕ ಕುದಿಸಿಕೊಳ್ಳುತ್ತಾರೆ. ಆಮೇಲೆ ಹೊಟ್ಟೆ ದಪ್ಪಗಿರುವ ಮಣ್ಣಿನ ಗಡಿಗೆಗೆ ತುಂಬಿ ಕಾಕಂಬಿ ಸೇರಿಸಿ ಗಂಟೆಗಟ್ಟಲೆ ಬಿಡುತ್ತಾರೆ. ಕಾಕಂಬಿಯಲ್ಲಿ ಸಕ್ಕರೆ, ಕ್ಯಾಲ್ಸಿಯಂ, ಸ್ವಲ್ಪ ಹುಳಿ ಮೂರೂ ಇರುವುದರಿಂದ ಅಷ್ಟು ಹೊತ್ತಾದರೂ ಕಾಳು ಕರಗಿ ಪಾಯಸವಾಗುವುದಿಲ್ಲ. ಮೇಷ್ಟ್ರು ಹೇಳಿದ ತೊಂದರೆಯೇ ಇಲ್ಲಿನವರಿಗೆ ಉಪಕಾರ. ಎಲ್ಲ ಇರುವುದು ಯಾವುದನ್ನು ಯಾವಾಗ ಹಾಕುತ್ತೀರಿ ಎಂಬುದರಲ್ಲಿ.

ಉಪ್ಪುಖಾರ
ಉಪ್ಪನ್ನೂ ಕೊನೆಯಲ್ಲೇ ಹಾಕಿ. ಉಪ್ಪು ಬಿದ್ದರೆ ಕಾಳು ಗಟ್ಟಿಯಾಗುತ್ತದೆ.

ರಸಾಯನ ಮೇಷ್ಟ್ರು
ಇಲ್ಲ. ಇದು ತಲೆಮಾರುಗಳಿಂದ ಬಂದ ಮಾತು, ಆದರೂ ಸರಿಯಲ್ಲ. ಉಪ್ಪು ಆಮ್ಲವಲ್ಲ. ನೆನೆಸುವ ನೀರಿಗೇ ಲೀಟರಿಗೆ ಒಂದು ದೊಡ್ಡ ಚಮಚದಷ್ಟು ಉಪ್ಪು ಹಾಕಿ ನೋಡಿ. ಉಪ್ಪಿನ ಸೋಡಿಯಂ ಸಿಪ್ಪೆಯಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂಗಳ ಜಾಗಕ್ಕೆ ಹೋಗಿ ಕೂರುತ್ತದೆ. ಸಿಪ್ಪೆ ಮೆತ್ತಗಾಗುತ್ತದೆ, ಒಡೆಯುವುದೂ ಕಡಿಮೆ. ಸಿಪ್ಪೆ ಬೇರೆ ತಿರುಳು ಬೇರೆ ಆಗುವುದು ಬೇಡ ಎಂದವರಿಗೆ ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ.

ಉಪ್ಪುಖಾರ
ಮೂವತ್ತು ವರ್ಷದಿಂದ ಅಡುಗೆ ಮಾಡುತ್ತಿರುವವಳಿಗೆ ಪೆಕ್ಟಿನ್ ಪಾಠ ಬೇಡ ಮೇಷ್ಟ್ರೇ. ನಮ್ಮ ಮನೆಯಲ್ಲಿ ಹುರುಳಿಕಾಳಿಗೆ ಉಪ್ಪು ಕೊನೆಗೇ.

ಹಳೆಯ ಸೌಟು
ಇಬ್ಬರೂ ಅರ್ಧರ್ಧ ಹಿಡಿ ಮಾಡಿ ಫೋಟೊ ಹಾಕಿ. ನಾವು ತಿಂದು ಹೇಳುತ್ತೇವೆ.

ಕಾವೇರಿ ನಲ್ಲಿ
ಮೇಲೆ ಬೋರ್‌ವೆಲ್ ವಿಷಯ ಬಂದು ಹಾಗೇ ಹೋಯಿತು, ಅದು ಸಣ್ಣ ಮಾತಲ್ಲ. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವ ಮನೆಯಲ್ಲಿ ಕಾಳು ಸುಲಭವಾಗಿ ಬೇಯುವುದಿಲ್ಲ. ಬಡಾವಣೆ ಬದಲಿಸಿದ ಮೇಲೆ ಅದೇ ಅಂಗಡಿಯ ಅದೇ ಕಡಲೆಕಾಳು ನಮ್ಮಲ್ಲಿ ಬೇಗ ಬೇಯಲು ಶುರುವಾಯಿತು. ಬದಲಾದದ್ದು ನೀರು ಮಾತ್ರ. ನೆನೆಸಲು, ಬೇಯಿಸಲು ಎರಡಕ್ಕೂ ಶುದ್ಧೀಕರಣ ಯಂತ್ರದ ಕುಡಿಯುವ ನೀರನ್ನೇ ಬಳಸಿ. ಅದೂ ಆಗದಿದ್ದರೆ ಕಾಲು ಕಿಲೋ ಕಾಳಿಗೆ ಕಾಲು ಚಮಚ ಅಡುಗೆ ಸೋಡಾ. ಅದಕ್ಕಿಂತ ಹೆಚ್ಚು ಬೇಡ, ಸಾಬೂನಿನ ವಾಸನೆ ಬರುತ್ತದೆ, ಕಾಳೂ ನುಣ್ಣಗಾಗಿ ಹೋಗುತ್ತದೆ.

ಶೆಟ್ಟರ ಅಂಗಡಿ
ಕಾಳು ಮಾರುವವನಾಗಿ ಒಂದು ಮಾತು. ನೀರು, ಹುಳಿ ಎಲ್ಲ ಸರಿ ಇದ್ದರೂ ಕಾಳು ಹಳೆಯದಾಗಿದ್ದರೆ ಬೇಯುವುದಿಲ್ಲ. ಬಿಸಿಲು, ತೇವ ಎರಡೂ ತಾಗುವ ಗೋದಾಮಿನಲ್ಲಿ ಎರಡು ಬೇಸಿಗೆ ಕಳೆದ ರಾಜ್ಮಾವನ್ನು ಯಾವ ಸೋಡಾವೂ ಉದ್ಧಾರ ಮಾಡಲಾರದು. ನಮ್ಮ ಕಡೆ ಬಿಳಿ ರಾಜ್ಮಾ ಕೇಳುವವರು ಕಡಿಮೆ, ಆದ್ದರಿಂದ ಸಣ್ಣ ಅಂಗಡಿಗಳಲ್ಲಿ ಅದು ಹೆಚ್ಚು ಕಾಲ ಕೂರುತ್ತದೆ. ಕೆಂಪು ರಾಜ್ಮಾ, ಚಿತ್ರಾ ರಾಜ್ಮಾ ಬೇಗ ಖಾಲಿಯಾಗುತ್ತವೆ. ಪೊಟ್ಟಣದ ಮೇಲಿನ ತಿಂಗಳು ನೋಡಿ ಕೊಳ್ಳಿ. ರಾತ್ರಿಯಿಡೀ ನೆನೆಸಿದರೂ ಸುಕ್ಕು ಬಿಡದ ಕಾಳನ್ನು ಆರಿಸಿ ಎಸೆಯಿರಿ.

ಇಂಗ್ಲೆಂಡಿನವರು ಬಳಸುವುದು ಕಡಲೆಕಾಳಿಗಿಂತ ಸ್ವಲ್ಪವೇ ದೊಡ್ಡದಾದ, ಮೊಟ್ಟೆಯಾಕಾರದ ಬಿಳಿ ಕಾಳು. ನಮ್ಮಲ್ಲಿ ಸಿಗುವ ಬಿಳಿ ರಾಜ್ಮಾದಲ್ಲಿ ಸಣ್ಣ ಗಾತ್ರದ್ದನ್ನು ಕೇಳಿ ಪಡೆಯಿರಿ. ಉತ್ತರಾಖಂಡದ ಮುನ್ಸ್ಯಾರಿ ರಾಜ್ಮಾಕ್ಕೆ ಭೌಗೋಳಿಕ ಸೂಚಿಕೆಯೂ ಸಿಕ್ಕಿದೆ, ರುಚಿ ಚೆನ್ನಾಗಿದೆ. ಬೆಲೆ ಕೇಳಿದರೆ ಡಬ್ಬಿಯೇ ವಾಸಿ ಎನ್ನಿಸಬಹುದು.

ಹಾಸ್ಟೆಲ್ ಬಿಟ್ಟವನು
ಇದಕ್ಕೆಲ್ಲ ಇಷ್ಟು ಒದ್ದಾಟ ಏಕೆ? ನಾನು ಮ್ಯಾಂಚೆಸ್ಟರ್‌ನಲ್ಲಿದ್ದೇನೆ. ವಿದ್ಯುತ್ತಿನ ಸ್ಲೋ ಕುಕ್ಕರ್ ಇದೆ. ನೆನೆಸಿದ ಕಾಳು, ನೀರು ಹಾಕಿ ಕಡಿಮೆ ಶಾಖದಲ್ಲಿ ರಾತ್ರಿ ಇಟ್ಟು ಮಲಗಿದರೆ ಬೆಳಗ್ಗೆ ತಯಾರು.

ಆಸ್ಪತ್ರೆಯ ಅಡುಗೆಮನೆ
ದಯವಿಟ್ಟು ಹಾಗೆ ಮಾಡಬೇಡಿ. ರಾಜ್ಮಾ ಜಾತಿಯ ಹಸಿ ಕಾಳುಗಳಲ್ಲಿ ಫೈಟೊಹೀಮಗ್ಲುಟಿನಿನ್ ಎಂಬ ವಿಷ ಇರುತ್ತದೆ. ಕೆಂಪು ಕಾಳಿನಲ್ಲಿ ಅತಿ ಹೆಚ್ಚು, ಬಿಳಿಯದರಲ್ಲಿ ಅದರ ಮೂರನೆಯ ಒಂದು ಭಾಗದಷ್ಟು. ಸರಿಯಾಗಿ ಬೇಯದ ನಾಲ್ಕೈದು ಕೆಂಪು ಕಾಳು ತಿಂದರೂ ಕೆಲವು ಗಂಟೆಗಳಲ್ಲಿ ವಾಂತಿ, ಆಮೇಲೆ ಭೇದಿ. ಸ್ಲೋ ಕುಕ್ಕರ್‌ನ ಕಡಿಮೆ ಶಾಖದಲ್ಲಿ ಆ ವಿಷ ನಾಶವಾಗುವುದಿಲ್ಲ. ಅರೆಬೆಂದ ಕಾಳು ಹಸಿ ಕಾಳಿಗಿಂತಲೂ ಹೆಚ್ಚು ತೊಂದರೆ ಕೊಡಬಲ್ಲದು.

ಕನಿಷ್ಠ ಐದು ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ ಹತ್ತು ನಿಮಿಷ ಗುಳ್ಳೆಗಳು ಏಳುವಂತೆ ಜೋರಾಗಿ ಕುದಿಸಿ. ಅಮೆರಿಕದ ಆಹಾರ ಇಲಾಖೆ ಅರ್ಧ ಗಂಟೆ ಎನ್ನುತ್ತದೆ. ಅದಾದ ಮೇಲೆ ಉರಿ ಎಷ್ಟು ಬೇಕಾದರೂ ಸಣ್ಣ ಮಾಡಿಕೊಳ್ಳಿ, ಸ್ಲೋ ಕುಕ್ಕರ್‌ಗೂ ಹಾಕಿಕೊಳ್ಳಿ. ಡಬ್ಬಿಯ ಕಾಳಿಗೆ ಈ ಭಯವಿಲ್ಲ, ಅದು ಮೊದಲೇ ಬೆಂದಿರುತ್ತದೆ.

ಹಾಸ್ಟೆಲ್ ಬಿಟ್ಟವನು
ಇದುವರೆಗೆ ಏನೂ ಆಗಿಲ್ಲವಲ್ಲ.

ಹಳೆಯ ಸೌಟು
ಹಾಸ್ಟೆಲ್ ಊಟ ಉಂಡ ಹೊಟ್ಟೆ. ಅದನ್ನು ಪ್ರಮಾಣವಾಗಿ ಇಟ್ಟುಕೊಳ್ಳಬೇಡಿ.

ಲೆಸ್ಟರ್‌ನ ಲಕ್ಕವಳ್ಳಿ
ಇಪ್ಪತ್ತು ವರ್ಷದಿಂದ ಇಲ್ಲಿದ್ದೇನೆ. ನಮ್ಮ ಮನೆಯಲ್ಲಿ ಒಲೆಯ ಮೇಲೆ ಮಾಡುವ ಕ್ರಮ ಇದು, ಯಾರಾದರೂ ಮಾಡಿ ನೋಡಿ.

ಕಾಲು ಕಿಲೋ ಸಣ್ಣ ಬಿಳಿ ಕಾಳು ರಾತ್ರಿ ಉಪ್ಪುನೀರಿನಲ್ಲಿ ನೆನೆಯಲಿ. ಬೆಳಗ್ಗೆ ತೊಳೆದು, ಕಾಳಿನ ಮೇಲೆ ಮೂರು ಬೆರಳು ನಿಲ್ಲುವಷ್ಟು ಹೊಸ ನೀರು, ಒಂದು ಪಲಾವ್ ಎಲೆ. ಹತ್ತು ನಿಮಿಷ ಜೋರು ಕುದಿ, ನೊರೆ ತೆಗೆಯಿರಿ. ಆಮೇಲೆ ಉರಿಯನ್ನು ಎಷ್ಟು ತಗ್ಗಿಸಬೇಕೆಂದರೆ ನೀರಿನ ಮೇಲೆ ಅಲ್ಲೊಂದು ಇಲ್ಲೊಂದು ಗುಳ್ಳೆ ಮಾತ್ರ ಕಾಣಬೇಕು. ಜೋರು ಕುದಿಯಲ್ಲಿ ಕಾಳುಗಳು ಒಂದಕ್ಕೊಂದು ಬಡಿದುಕೊಂಡು ಸಿಪ್ಪೆ ಹರಿಯುತ್ತದೆ. ಮುಚ್ಚಳ ಓರೆಯಾಗಿ ಇರಲಿ. ಮುಕ್ಕಾಲು ಗಂಟೆಯಿಂದ ಒಂದೂವರೆ ಗಂಟೆ ಹಿಡಿಯುತ್ತದೆ, ಕಾಳಿನ ವಯಸ್ಸಿನ ಮೇಲೆ. ಒಂದು ಕಾಳು ತೆಗೆದು ಊದಿ, ಸಿಪ್ಪೆ ಸುರುಳಿಯಾಗಿ ಏಳಬೇಕು. ನಾಲಿಗೆಯಿಂದ ಅಂಗುಳಕ್ಕೆ ಒತ್ತಿದರೆ ಬೆಣ್ಣೆಯಂತೆ ಕರಗಬೇಕು. ಸ್ವಲ್ಪ ಗಟ್ಟಿ ಇದೆ, ಸಾಸ್‌ನಲ್ಲಿ ಬೇಯುತ್ತದೆ ಬಿಡು ಎಂದು ಇಳಿಸಿದರೆ ಕೆಟ್ಟಿತು. ಸಾಸ್‌ಗೆ ಬಿದ್ದ ಮೇಲೆ ಕಾಳು ಇದ್ದಲ್ಲೇ ಇರುತ್ತದೆ. ಕಟ್ಟು ಬಸಿದು ಇಟ್ಟುಕೊಳ್ಳಿ, ಚೆಲ್ಲಬೇಡಿ.

ಸಾಸ್‌ಗೆ ಎರಡು ದೊಡ್ಡ ಚಮಚ ಎಣ್ಣೆಯಲ್ಲಿ ಒಂದು ಈರುಳ್ಳಿಯನ್ನು ತುರಿದು ಹಾಕಿ, ಕೆಂಪಾಗಲು ಬಿಡದೆ ಬಾಡಿಸಿ. ಅರ್ಧ ಕಿಲೋ ಟೊಮೇಟೊವನ್ನು ಹೆಚ್ಚಿ ಹಾಕಿ ಮೆತ್ತಗೆ ಬೇಯಿಸಿ, ಆಮೇಲೆ ಜರಡಿಯಲ್ಲಿ ತಿಕ್ಕಿ ಸೋಸಿ. ಹಸಿ ಟೊಮೇಟೊವನ್ನು ಮಿಕ್ಸಿಯಲ್ಲಿ ತಿರುವಿದರೆ ಗಾಳಿ ಸೇರಿ ನೊರೆನೊರೆಯಾಗಿ ಗುಲಾಬಿ ಬಣ್ಣ ಬರುತ್ತದೆ, ಕೆಂಪು ಬರುವುದಿಲ್ಲ. ಸೋಸಿದ ರಸಕ್ಕೆ ಒಂದು ಚಮಚ ಟೊಮೇಟೊ ಪೇಸ್ಟ್, ಒಂದೂವರೆ ದೊಡ್ಡ ಚಮಚ ಸಕ್ಕರೆ ಅಥವಾ ಬೆಲ್ಲ, ಒಂದು ಚಮಚ ಉಪ್ಪು, ಅರ್ಧ ಚಮಚ ಸಾಸಿವೆ ಪುಡಿ, ಎರಡು ಲವಂಗ, ಚಿಟಿಕೆ ಚಕ್ಕೆ ಪುಡಿ. ಖಾರ ಬೇಡ, ಬಣ್ಣ ಬೇಕು. ಊರಿನಿಂದ ತಂದ ಬ್ಯಾಡಗಿ ಮೆಣಸಿನ ಪುಡಿ ಅರ್ಧ ಚಮಚ ಹಾಕಿದರೆ ಅದು ಅದಕ್ಕೇ ಹೇಳಿ ಮಾಡಿಸಿದ್ದು. ಕಾಳು ಸೇರಿಸಿ, ಒಂದು ಲೋಟ ಕಟ್ಟು ಹಾಕಿ, ಸಣ್ಣ ಉರಿಯಲ್ಲಿ ಅರ್ಧ ಗಂಟೆ. ವಿನೆಗರ್ ಒಂದು ದೊಡ್ಡ ಚಮಚ, ಅದು ಕೊನೆಗೆ. ಮಂದವಾಗದಿದ್ದರೆ ಒಂದು ಸೌಟು ಕಾಳನ್ನು ಮಸೆದು ಸೇರಿಸಿ. ಇಳಿಸಿ ಒಂದು ಗಂಟೆ ಹಾಗೇ ಬಿಡಿ. ಮರುದಿನ ಇನ್ನೂ ಚೆನ್ನಾಗಿರುತ್ತದೆ.

ಒಲೆಮುಂದೆ
ಲಕ್ಕವಳ್ಳಿಯವರೇ, ಇದನ್ನು ಬರೆದಿಟ್ಟುಕೊಂಡೆ. ಬೆಳ್ಳುಳ್ಳಿ ಬಿಟ್ಟಿರುವುದು ಬೇಕೆಂದೇ?

ಲೆಸ್ಟರ್‌ನ ಲಕ್ಕವಳ್ಳಿ
ಬೇಕೆಂದೇ. ಬೆಳ್ಳುಳ್ಳಿ ಬಿದ್ದರೆ ಇಟಲಿಯ ದಾರಿ ಹಿಡಿಯುತ್ತದೆ. ಟಸ್ಕನಿಯಲ್ಲಿ ಬೆಳ್ಳುಳ್ಳಿ, ಸೇಜ್ ಸೊಪ್ಪು, ಟೊಮೇಟೊ ಹಾಕಿ ಇದೇ ಬಿಳಿ ಕಾಳು ಮಾಡುತ್ತಾರೆ. ಅದು ಬಹಳ ರುಚಿ, ಆದರೆ ನಿಮ್ಮ ಮಗಳು ಕೇಳುತ್ತಿರುವುದು ಅದಲ್ಲ. ಇಂಗ್ಲಿಷ್ ಡಬ್ಬಿಯ ರುಚಿ ಅಂದರೆ ಸಿಹಿ, ಸಣ್ಣ ಹುಳಿ, ಲವಂಗದ ಎಳೆ. ಅದಕ್ಕಿಂತ ಜೋರಾದದ್ದೇನೂ ಇರಬಾರದು.

ಪಂಚಗಂಗಾ
ಕರಿಬೇವು, ಸಾಸಿವೆ ಒಗ್ಗರಣೆ ಕೊಟ್ಟರೆ ಏನಾಗುತ್ತದೆ?

ಲೆಸ್ಟರ್‌ನ ಲಕ್ಕವಳ್ಳಿ
ಪಲ್ಯ ಆಗುತ್ತದೆ.

ಬೆಲ್ಲದಚ್ಚು
ಗ್ರೀಕರದನ್ನೂ ಸೇರಿಸಿಕೊಳ್ಳಿ. ಹೆಬ್ಬೆರಳಿನ ಗಾತ್ರದ ಬಿಳಿ ಕಾಳು, ಟೊಮೇಟೊ, ಧಾರಾಳ ಆಲಿವ್ ಎಣ್ಣೆ. ಅವರು ಅದನ್ನು ಗಿಗಾಂಟೆಸ್ ಎನ್ನುತ್ತಾರೆ. ತುರ್ಕಿಯಲ್ಲಿ ಕುರು ಫಸುಲ್ಯೆ ಎಂದು ಅನ್ನದ ಜೊತೆ ಬಡಿಸುತ್ತಾರೆ, ಅದು ನಮ್ಮ ರಾಜ್ಮಾ ಅನ್ನಕ್ಕೆ ಬಹಳ ಹತ್ತಿರ. ಟೋಸ್ಟೇ ಆಗಬೇಕೆಂದು ಯಾರು ಹೇಳಿದರು?

ಹಾಸ್ಟೆಲ್ ಬಿಟ್ಟವನು
ಲಕ್ಕವಳ್ಳಿಯವರ ವಿಧಾನದಲ್ಲಿ ವೂಸ್ಟರ್ ಸಾಸ್ ಇಲ್ಲವಲ್ಲ? ಅದೇ ಗುಟ್ಟು. ಎರಡು ಹನಿ ಹಾಕಿದರೆ ಬೇರೆಯೇ ರುಚಿ.

ದ್ವಿದಳ
ಸಸ್ಯಾಹಾರಿಗಳು ಎಚ್ಚರ. ಇಂಗ್ಲೆಂಡಿನ ಮೂಲ ವೂಸ್ಟರ್ ಸಾಸ್‌ನಲ್ಲಿ ಆ್ಯಂಚೊವಿ ಎಂಬ ಮೀನು ಇರುತ್ತದೆ. ಬೀನ್ಸ್ ಡಬ್ಬಿಯಲ್ಲಿ ಮಾಂಸ ಇಲ್ಲ ಎಂದು ನೆಮ್ಮದಿಯಿಂದ ತಿಂದು, ಮನೆಯಲ್ಲಿ ಮಾಡಿದ್ದಕ್ಕೆ ಮೀನು ಸುರಿದುಕೊಳ್ಳುವುದು ಯಾವ ನ್ಯಾಯ?

ಚಾರ್ಲ್ಸ್ ನದಿಯ ದಡ
ಹೌದು. 1837ರಿಂದ ಮಾರಾಟದಲ್ಲಿರುವ ಲೀ ಆ್ಯಂಡ್ ಪೆರಿನ್ಸ್ ಸಾಸ್‌ನಲ್ಲಿ ಮೀನಿನ ಜೊತೆಗೆ ಕಾಕಂಬಿ, ವಿನೆಗರ್, ಹುಣಸೆ ಇವೆ. ವೂಸ್ಟರ್ ಊರಿನವರು ಶತಮಾನಗಳ ಹಿಂದೆಯೇ ಹುಣಸೆ ಹಿಂಡಿದ್ದಾರೆ. ಆದ್ದರಿಂದ ಒಂದು ಚಮಚ ಹುಣಸೆ ಗೊಜ್ಜಿನ ರಸ, ಚೂರು ಬೆಲ್ಲ ಹಾಕಿದರೆ ನಿಮ್ಮ ಮನೆಯ ಸಾಸ್ ಆ ರುಚಿಯ ಬಳಿಗೆ ಬರುತ್ತದೆ. ಮೀನಿಲ್ಲದೆ ತಯಾರಿಸಿದ ಬಾಟಲಿಗಳೂ ಮಾರುಕಟ್ಟೆಯಲ್ಲಿವೆ, ಚೀಟಿ ಓದಿ ಕೊಳ್ಳಿ.

ಹಳೆಯ ಸೌಟು
1837ಕ್ಕೆ ಇನ್ನೂ ಎರಡು ಶತಮಾನವೇ ಆಗಿಲ್ಲ ಸ್ವಾಮಿ, ಶತಮಾನಗಳು ಎಲ್ಲಿಂದ ಬಂದವು?

ಚಾರ್ಲ್ಸ್ ನದಿಯ ದಡ
ಸರಿ, ಸರಿ. ಒಂದೂಮುಕ್ಕಾಲು ಶತಮಾನದ ಮೇಲೆ. ಹುಣಸೆ ಮಾತ್ರ ನಿಜ.

ಉಪ್ಪುಖಾರ
ಅಮೆರಿಕದ ಕಾಳು, ಅಮೆರಿಕದ ಟೊಮೇಟೊ, ಇಂಗ್ಲಿಷರ ಹೆಸರು. ಇದರಲ್ಲಿ ಇಂಗ್ಲಿಷರದು ಏನಿದೆ?

ಹಳೆಯ ಪುಟ
ತಿನ್ನುವ ಹೊಟ್ಟೆ ಇದೆ. ಡಬ್ಬಿಯೂ ಅಮೆರಿಕದ್ದೇ. ಪಿಟ್ಸ್‌ಬರ್ಗ್‌ನ ಹೈನ್ಜ್ ಕಂಪನಿ ಇದನ್ನು ಇಂಗ್ಲೆಂಡಿಗೆ ತಂದದ್ದು 1886ರಲ್ಲಿ. ಮೊದಲು ಮಾರಿದ ಅಂಗಡಿ ಲಂಡನ್ನಿನ ಫೋರ್ಟ್‌ನಮ್ ಆ್ಯಂಡ್ ಮೇಸನ್, ಶ್ರೀಮಂತರು ಹೋಗುವ ಜಾಗ. ಇಂದು ವಿದ್ಯಾರ್ಥಿಗಳ ಅಗ್ಗದ ಊಟ ಅನ್ನಿಸಿಕೊಂಡಿರುವುದು ಅಂದು ದುಬಾರಿ ವಿದೇಶಿ ತಿನಿಸಾಗಿತ್ತು. ಆಗ ಅದರಲ್ಲಿ ಹಂದಿಮಾಂಸದ ತುಂಡೂ ಇರುತ್ತಿತ್ತು. ಎರಡನೆಯ ಮಹಾಯುದ್ಧದ ಪಡಿತರದ ಕಾಲದಲ್ಲಿ ಅದನ್ನು ತೆಗೆದರು. ನಮ್ಮ ಸಸ್ಯಾಹಾರಿ ವಿದ್ಯಾರ್ಥಿಗಳು ಇಂದು ಈ ಡಬ್ಬಿಯ ಮೇಲೆ ಬದುಕುವುದಕ್ಕೆ ಆ ಪಡಿತರವೂ ಒಂದು ಕಾರಣ. ವಿಗನ್ ಊರಿನ ಅವರ ದೊಡ್ಡ ಕಾರ್ಖಾನೆ 1959ರಲ್ಲಿ ಶುರುವಾಯಿತು, ಈಗಲೂ ಅಲ್ಲೇ ತಯಾರಾಗುತ್ತದೆ.

ಓವನ್ ಇಲ್ಲ ಎಂದು ಕೊರಗುತ್ತಿರುವವರು ಗಮನಿಸಿ, ಕಾರ್ಖಾನೆಯಲ್ಲೂ ಓವನ್ನಿನಲ್ಲಿ ಸುಡುವುದಿಲ್ಲ. ಕಾಳು, ಸಾಸ್ ತುಂಬಿ ಡಬ್ಬಿ ಮುಚ್ಚಿ ಹಬೆಯಲ್ಲಿ ಬೇಯಿಸುತ್ತಾರೆ. ನಿಮ್ಮ ಒಲೆಯ ಮೇಲಿನದು ಅದಕ್ಕೆ ಓವನ್ನಿನದಕ್ಕಿಂತ ಹತ್ತಿರ.

ಹಾಸ್ಟೆಲ್ ಬಿಟ್ಟವನು
ಕಾಳನ್ನಾದರೂ ಇಲ್ಲಿ ಬೆಳೆಯುತ್ತಾರೆ ಅಲ್ಲವೇ?

ಹಳೆಯ ಪುಟ
ಹೆಚ್ಚಿನದೆಲ್ಲ ಹೊರಗಿನಿಂದ, ಉತ್ತರ ಅಮೆರಿಕದಿಂದಲೇ ಬಹುಪಾಲು. ಇಂಗ್ಲೆಂಡಿನ ಬೇಸಿಗೆ ಈ ಗಿಡಕ್ಕೆ ಸಾಕಾಗುವುದಿಲ್ಲ. ವಾರಿಕ್ ವಿಶ್ವವಿದ್ಯಾಲಯದವರು ಅಲ್ಲಿನ ಹವೆಗೆ ಒಗ್ಗುವ ಕ್ಯಾಪುಲೆಟ್ ಎಂಬ ತಳಿ ಮಾಡಿ ಹೊಲಕ್ಕೆ ಇಳಿಸಿದ್ದು ಈಚಿನ ವರ್ಷಗಳಲ್ಲಿ.

ದ್ವಿದಳ
ನಮ್ಮಂಥ ಈರುಳ್ಳಿ, ಬೆಳ್ಳುಳ್ಳಿ ತಿನ್ನದ ಮನೆಗಳಿಗೆ ಏನು ದಾರಿ? ಇಂಗು ಹಾಕಿದರೆ ಲಕ್ಕವಳ್ಳಿಯವರು ಪಲ್ಯ ಎನ್ನುತ್ತಾರೋ ಏನೋ.

ಲೆಸ್ಟರ್‌ನ ಲಕ್ಕವಳ್ಳಿ
ಅಕ್ಕಿಕಾಳಿನಷ್ಟು ಇಂಗನ್ನು ಎಣ್ಣೆಯಲ್ಲಿ ಅರಳಿಸಿ ಹಾಕಿ. ಅಷ್ಟಕ್ಕೆ ಮಾಫಿ ಇದೆ. ಹೊಟ್ಟೆಗೂ ಒಳ್ಳೆಯದು.

ಹಳೆಯ ಸೌಟು
ದ್ವಿದಳ ಎಂದು ಹೆಸರಿಟ್ಟುಕೊಂಡು ಬೀನ್ಸ್ ಚರ್ಚೆಗೆ ಬಂದಿದ್ದೀರಿ. ಚಾತುರ್ಮಾಸ್ಯದ ನಾಲ್ಕನೆಯ ತಿಂಗಳು ಏನು ಮಾಡುತ್ತೀರಿ?

ದ್ವಿದಳ
ದ್ವಿದಳ ವ್ರತದ ತಿಂಗಳಲ್ಲಿ ಕಾಳೂ ಇಲ್ಲ, ಬೇಳೆಯೂ ಇಲ್ಲ, ಈ ಚರ್ಚೆಗೂ ಬರುವುದಿಲ್ಲ. ಉಳಿದ ಹನ್ನೊಂದು ತಿಂಗಳು ನನ್ನನ್ನು ಸಹಿಸಿಕೊಳ್ಳಿ.

ಬಸ್ಸಾರು ಪ್ರಿಯೆ
ಎಲ್ಲರೂ ನೆನೆಸಿದ ನೀರು ಚೆಲ್ಲಿ ಎನ್ನುತ್ತಿದ್ದೀರಿ. ಸತ್ವ ಎಲ್ಲ ಹೋಗುವುದಿಲ್ಲವೇ? ನಮ್ಮಲ್ಲಿ ಕಾಳಿನ ಕಟ್ಟು ಚೆಲ್ಲಿದರೆ ಮನೆಯಲ್ಲಿ ದೊಡ್ಡ ಗಲಾಟೆಯೇ ಆಗುತ್ತದೆ. ಬಸ್ಸಾರಿನ ಜೀವವೇ ಅದು.

ಆಸ್ಪತ್ರೆಯ ಅಡುಗೆಮನೆ
ನೆನೆಸಿದ ನೀರು ಬೇರೆ, ಬೇಯಿಸಿದ ಕಟ್ಟು ಬೇರೆ. ಹೊಟ್ಟೆ ಉಬ್ಬರಿಸುವ ರಾಫಿನೋಸ್, ಸ್ಟಾಕಿಯೋಸ್ ಎಂಬ ಸಕ್ಕರೆಗಳು ನಮಗೆ ಜೀರ್ಣವಾಗುವುದಿಲ್ಲ. ಕರುಳಿನ ಬ್ಯಾಕ್ಟೀರಿಯಾ ಅವನ್ನು ತಿಂದು ವಾಯು ಮಾಡುತ್ತವೆ. ನೆನೆಸಿದ ನೀರಿಗೆ ಅವುಗಳಲ್ಲಿ ಒಂದು ಪಾಲು ಇಳಿದಿರುತ್ತದೆ, ಅದನ್ನು ಚೆಲ್ಲಿ. ಚೆನ್ನಾಗಿ ಕುದಿಸಿದ ಕಟ್ಟನ್ನು ಇಟ್ಟುಕೊಳ್ಳಿ. ಅದರ ಪಿಷ್ಟವೇ ಸಾಸ್‌ಗೆ ಮಂದ ಕೊಡುತ್ತದೆ.

ಬಸ್ಸಾರು ಪ್ರಿಯೆ
ಹಾಗಾದರೆ ಒಪ್ಪಿದೆ. ಉಳಿದ ಕಟ್ಟಿಗೆ ಒಂದಿಷ್ಟು ಕೊತ್ತಂಬರಿ, ಬೆಳ್ಳುಳ್ಳಿ, ಕಾಯಿ ರುಬ್ಬಿ ಹಾಕಿದರೆ ಮಧ್ಯಾಹ್ನದ ಸಾರೂ ಆಯಿತು, ಮುದ್ದೆಗೆ ಜೊತೆಯೂ ಆಯಿತು. ಟೋಸ್ಟ್ ಮಗಳಿಗೆ, ಮುದ್ದೆ ಅಮ್ಮನಿಗೆ.

ಕೋಲಾರದ ತೋಟ
ಕಾಳಿನ ಬಗ್ಗೆ ಇಷ್ಟೊಂದು ಮಾತಾಡಿದಿರಿ, ಟೊಮೇಟೊ ಯಾವುದು ಎಂದು ಒಬ್ಬರೂ ಕೇಳಲಿಲ್ಲ. ಬೆಳೆಯುವವನಿಗೆ ಹೊಟ್ಟೆ ಉರಿಯುವುದಿಲ್ಲವೇ? ನಾಟಿ ಟೊಮೇಟೊ ತೆಳು ಸಿಪ್ಪೆ, ರಸ ಜಾಸ್ತಿ, ಹುಳಿ ಜೋರು. ಸಾರಿಗೆ ಅದೇ ಸರಿ. ಸಾಸ್‌ಗೆ ಮಾತ್ರ ಹೈಬ್ರಿಡ್ ಹಣ್ಣು ತೆಗೆದುಕೊಳ್ಳಿ. ಉದ್ದುದ್ದ ಇರುವುದು, ಒಳಗೆ ಬೀಜದ ಲೋಳೆ ಕಡಿಮೆ, ತಿರುಳು ಹೆಚ್ಚು, ಬೇಗ ಮಂದವಾಗುತ್ತದೆ. ಲಾರಿಗೆ ಹತ್ತುವ ಹಣ್ಣನ್ನು ಹಸಿರಿರುವಾಗಲೇ ಕೀಳುತ್ತಾರೆ. ಮನೆಗೆ ತಂದ ಕೂಡಲೇ ಮಾಡಬೇಡಿ. ಎರಡು ಮೂರು ದಿನ ಹೊರಗೇ ಇಟ್ಟು, ತೊಟ್ಟಿನ ಹತ್ತಿರದ ಹಳದಿ ಹೋಗಿ ಪೂರ್ತಿ ಕೆಂಪಾದ ಮೇಲೆ ಬಳಸಿ. ಫ್ರಿಜ್‌ಗೆ ಹಾಕಿದರೆ ಪರಿಮಳ ಸತ್ತಿತು.

ಬೆಲೆ ಕೇಳಬೇಡಿ. 2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕಿಲೋ ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿದಾಗ ಪೇಪರಿನವರೆಲ್ಲ ನಮ್ಮ ಮನೆಗೆ ಬಂದರು. ರಸ್ತೆಗೆ ಸುರಿಯುವ ವರ್ಷ ಯಾರೂ ಬರುವುದಿಲ್ಲ.

ಉಪ್ಪುಖಾರ
ಸುರಿಯುವ ವರ್ಷ ನಮಗೆ ತಿಳಿಸಿ, ಬುಟ್ಟಿ ಹಿಡಿದು ಬರುತ್ತೇವೆ.

ಕೋಲಾರದ ತೋಟ
ಬಸ್ಸಿನ ಖರ್ಚು ಟೊಮೇಟೊಗಿಂತ ಹೆಚ್ಚಾಗುತ್ತದೆ ತಾಯಿ. ಅದೇ ನಮ್ಮ ಕಷ್ಟ.

ಒಲೆಮುಂದೆ
ಹೊಸ ಪೊಟ್ಟಣ ತಂದು, ಕುಡಿಯುವ ನೀರಿನಲ್ಲಿ, ಉಪ್ಪು ಹಾಕಿ ನೆನೆಸಿ, ಲಕ್ಕವಳ್ಳಿಯವರ ಕ್ರಮದಲ್ಲಿ ಮಾಡಿದೆ. ಕಾಳು ಒಂದು ಗಂಟೆ ಹತ್ತು ನಿಮಿಷಕ್ಕೆ ಬೆಂದಿತು, ಸಿಪ್ಪೆಯೂ ಅಲುಗಲಿಲ್ಲ. ಉಪ್ಪುಖಾರದವರು ಕ್ಷಮಿಸಬೇಕು. ಈಗ ಬೇರೆ ತಕರಾರು. ಸಾಸ್ ನಿಲ್ಲುತ್ತಿಲ್ಲ. ತಟ್ಟೆಗೆ ಹಾಕಿದರೆ ಕೆಂಪು ನೀರು ಅಂಚಿಗೆ ಹರಿದು ಬ್ರೆಡ್ಡು ತೊಯ್ದು ಹೋಗುತ್ತದೆ. ಜೋಳದ ಹಿಟ್ಟು ಕದಡಿ ಹಾಕಿದೆ. ಮೊದಲು ಗಟ್ಟಿಯಾದದ್ದು ಅರ್ಧ ಗಂಟೆಗೆ ಮತ್ತೆ ನೀರಾಯಿತು.

ಉಪ್ಪುಖಾರ
ಕ್ಷಮಿಸುವ ಮಾತೇ ಇಲ್ಲ. ಹುರುಳಿಕಾಳಿಗೆ ಕೊನೆಗೇ.

ರಸಾಯನ ಮೇಷ್ಟ್ರು
ಜೋಳ ಎಂದರೆ ಕಾರ್ನ್‌ಫ್ಲೋರ್ ತಾನೇ? ರೊಟ್ಟಿಯ ಹಿಟ್ಟಲ್ಲವಷ್ಟೇ? ಕಾರ್ನ್‌ಫ್ಲೋರ್ ಆದರೆ ಅದನ್ನು ಹುಳಿಯಲ್ಲಿ ಬಹಳ ಹೊತ್ತು ಕುದಿಸಿದ್ದೇ ಕಾರಣ. ಆಮ್ಲ ಪಿಷ್ಟದ ಎಳೆಗಳನ್ನು ತುಂಡರಿಸುತ್ತದೆ. ಕಾರ್ಖಾನೆಯವರು ಹುಳಿ, ಶಾಖ ತಡೆಯುವಂತೆ ಮಾರ್ಪಡಿಸಿದ ಪಿಷ್ಟ ಹಾಕುತ್ತಾರೆ, ಅದು ಡಬ್ಬಿಯ ಚೀಟಿಯಲ್ಲೇ ಇರುತ್ತದೆ. ಮನೆಯಲ್ಲಿ ಎರಡು ಚಮಚ ತಣ್ಣೀರಿನಲ್ಲಿ ಒಂದು ಚಮಚ ಕಾರ್ನ್‌ಫ್ಲೋರ್ ಕದಡಿ, ಇಳಿಸುವ ಎರಡು ನಿಮಿಷ ಮೊದಲು ಹಾಕಿ.

ಲೆಸ್ಟರ್‌ನ ಲಕ್ಕವಳ್ಳಿ
ಕಾರ್ನ್‌ಫ್ಲೋರ್ ಇಲ್ಲದೆಯೂ ಆಗುತ್ತದೆ. ಕಾಳು ಸೇರಿಸುವ ಮೊದಲೇ ಟೊಮೇಟೊವನ್ನು ಸರಿಯಾಗಿ ಬತ್ತಿಸಬೇಕು. ಸೌಟಿನಿಂದ ಪಾತ್ರೆಯ ತಳದಲ್ಲಿ ಗೆರೆ ಎಳೆದರೆ ಅದು ಒಂದು ಕ್ಷಣ ಹಾಗೇ ನಿಲ್ಲಬೇಕು, ಆಮೇಲೆ ಕೂಡಿಕೊಳ್ಳಬೇಕು. ಅದಕ್ಕಿಂತ ಮೊದಲು ಕಾಳು ಹಾಕಿದರೆ ನೀರು ಕೊನೆಯವರೆಗೂ ಕಾಡುತ್ತದೆ. ತಳ ಹಿಡಿಯುವ ಭಯವಿದ್ದರೆ ಪಾತ್ರೆಯ ಕೆಳಗೆ ಹಳೆಯ ದೋಸೆ ತವಾ ಇಡಿ. ಸಕ್ಕರೆ ಇರುವ ಅಡುಗೆ, ಕಣ್ಣು ತಪ್ಪಿದರೆ ಸೀಯುತ್ತದೆ.

ಪಂಚಗಂಗಾ
ಕಬ್ಬಿಣದ ಬಾಣಲೆಯಲ್ಲಿ ಮಾಡಿದರೆ ಕಬ್ಬಿಣಾಂಶವಾದರೂ ಸಿಗುತ್ತದೆ ಎಂದು ಅದರಲ್ಲಿ ಮಾಡಿದೆ. ಬಣ್ಣ ಕಪ್ಪಗಾಗಿದೆ.

ಬೆಲ್ಲದಚ್ಚು
ಹುಳಿಯನ್ನು ಅಷ್ಟು ಹೊತ್ತು ಕಬ್ಬಿಣದಲ್ಲಿ ಬಿಟ್ಟರೆ ಬಣ್ಣವೂ ಹೋಗುತ್ತದೆ, ಬಾಯಿಗೆ ಲೋಹದ ರುಚಿಯೂ ಬರುತ್ತದೆ. ಅಲ್ಯೂಮಿನಿಯಂ ಕೂಡ ಬೇಡ. ದಪ್ಪ ತಳದ ಸ್ಟೀಲ್ ಪಾತ್ರೆ ಅಥವಾ ಮಣ್ಣಿನ ಮಡಕೆ.

ಹಾಸ್ಟೆಲ್ ಬಿಟ್ಟವನು
ಒಂದೇ ಸಲ ಎರಡು ಕಿಲೋ ಮಾಡಿ ಗಾಜಿನ ಬಾಟಲಿಗಳಿಗೆ ತುಂಬಿ, ಮುಚ್ಚಳ ಬಿಗಿ ಮಾಡಿ ಕುದಿಯುವ ನೀರಿನಲ್ಲಿ ಅರ್ಧ ಗಂಟೆ ಇಟ್ಟರೆ ಉಪ್ಪಿನಕಾಯಿಯ ಹಾಗೆ ವರ್ಷ ಬರುತ್ತದೆಯೇ?

ಆಸ್ಪತ್ರೆಯ ಅಡುಗೆಮನೆ
ಬರುವುದಿಲ್ಲ, ಮಾಡಲೂ ಬೇಡಿ. ಉಪ್ಪಿನಕಾಯಿಯನ್ನು ಕಾಯುವುದು ಅದರ ಉಪ್ಪು, ಹುಳಿ, ಎಣ್ಣೆ. ಟೊಮೇಟೊ ಇದ್ದರೂ ಕಾಳಿನ ಈ ಅಡುಗೆಯ ಹುಳಿ ಸಾಲದು. ಗಾಳಿಯಿಲ್ಲದ ಬಾಟಲಿಯೊಳಗೆ ಬಾಟುಲಿಸಂ ತರುವ ಬ್ಯಾಕ್ಟೀರಿಯಾ ಬೆಳೆದರೆ ವಾಸನೆಯಿಂದಲೂ ಗೊತ್ತಾಗದೆ ಹೋಗಬಹುದು. ಅದರ ಬೀಜಕಗಳು 100 ಡಿಗ್ರಿಯ ಕುದಿಯುವ ನೀರಿನಲ್ಲಿ ಸಾಯುವುದಿಲ್ಲ. ಅದಕ್ಕೆ 121 ಡಿಗ್ರಿಯ ಒತ್ತಡದ ಹಬೆ, ಅದಕ್ಕೆಂದೇ ಮಾಡಿದ ಯಂತ್ರ ಬೇಕು.

ಫ್ರಿಜ್‌ನಲ್ಲಿ ಮೂರು ನಾಲ್ಕು ದಿನ. ಹೆಚ್ಚು ಮಾಡಿದ್ದರೆ ಫ್ರೀಜರ್. ಅಗಲವಾದ ತಟ್ಟೆಗೆ ಸುರಿದು ಬೇಗ ತಣಿಸಿ, ಒಂದು ಹೊತ್ತಿಗೆ ಆಗುವಷ್ಟು ಸಣ್ಣ ಡಬ್ಬಿಗಳಿಗೆ ಹಾಕಿ. ಹೆಪ್ಪುಗಟ್ಟಿದಾಗ ಹಿಗ್ಗುತ್ತದೆ, ಮೇಲೆ ಒಂದು ಬೆರಳು ಜಾಗ ಬಿಡಿ.

ಒಲೆಮುಂದೆ
ಫ್ರೀಜರ್‌ನಿಂದ ತೆಗೆದು ಬಿಸಿ ಮಾಡುವಾಗ ನೀರು ಸೇರಿಸಬೇಕೇ?

ಲೆಸ್ಟರ್‌ನ ಲಕ್ಕವಳ್ಳಿ
ಎರಡು ಚಮಚ ಸಾಕು. ಮುಚ್ಚಳ ಹಾಕಿ ಸಣ್ಣ ಉರಿಯಲ್ಲಿ ಬಿಡಿ, ಕರಗುವ ತನಕ ಸೌಟು ಆಡಿಸಬೇಡಿ. ಕಾಳು ಒಡೆಯುತ್ತದೆ.